ಅರ್ಥ ಸಿಗುವ ಮೊದಲೇ ಅಂತ ಕೇಳಿದ್ದೀಯಲ್ಲ

ಪ್ರೀತಿಯ ಪುಟ್ಟಿ,

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯ. "ದಿನವಿಡೀ ಪೆಟ್ಟಿಗೆ ತೆಗೆದು ಚೀಟಿ ಬರೆಯುತ್ತೇನೆ ದೊಡ್ಡಮ್ಮ, ಇದಕ್ಕೆಲ್ಲ ಒಂದು ಅರ್ಥ ಸಿಗುವ ಮೊದಲೇ ನಾನು ಮುಗಿದುಹೋದರೆ?" ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಈ ವಯಸ್ಸಿಗೆ ಇಂಥ ಮಾತು ಯಾಕೆ ಅಂತ ಮೊದಲು ಸಿಟ್ಟು ಬಂತು. ಆಮೇಲೆ ನನ್ನ ಬೀರುವಿನ ಕಡೆ ನೋಡಿ ಸುಮ್ಮನಾದೆ.

ನೀನು ಕೆಲಸ ಮಾಡುವ ಆ ಬರ್ಲಿನ್ ಮ್ಯೂಸಿಯಂನಲ್ಲಿ ಲೋಕದ ನಾನಾ ಜನರ ವಸ್ತುಗಳ ಸಂಗ್ರಹವನ್ನು ಕಟ್ಟಿದ ಅಡಾಲ್ಫ್ ಬಾಸ್ಟಿಯಾನ್ ವಿಷಯ ಸ್ವಲ್ಪ ಓದಿದೆ. ನಿನ್ನ ಭಯ ಆತನಿಗೂ ಇತ್ತು ಅನಿಸುತ್ತದೆ. ಆತ ಬ್ರೆಮೆನ್ ಊರಿನವನು, 1826ರಲ್ಲಿ ಹುಟ್ಟಿದವನು. ಮೊದಲು ಕಾನೂನು ಓದಿದ, ಆಮೇಲೆ ವೈದ್ಯಕೀಯ. 1850ರಲ್ಲಿ ಡಾಕ್ಟರ್ ಆದ, ತಕ್ಷಣ ಹಡಗು ಹತ್ತಿದ. ಎಂಟು ವರ್ಷ ಊರೂರು ಸುತ್ತಿದ. ಆಸ್ಟ್ರೇಲಿಯಾ, ಪೆರು, ಚೀನಾ, ನಮ್ಮ ಇಂಡಿಯಾ, ಆಫ್ರಿಕಾ. ವಾಪಸ್ ಬಂದು 1860ರಲ್ಲಿ ಮೂರು ಸಂಪುಟ ಬರೆದ. ಮರುವರ್ಷವೇ ಮತ್ತೆ ಹೊರಟು ಬರ್ಮಾ, ಸಯಾಮ್ (ಈಗಿನ ಥಾಯ್ಲೆಂಡ್), ಕಾಂಬೋಡಿಯಾ ನೋಡಿ ಇನ್ನೂ ಆರು ಸಂಪುಟ ಬರೆದ. ಅವನ ಬರವಣಿಗೆ ಓದುವುದು ಬಲು ಕಷ್ಟವಂತೆ. ಒಂದರ ಮೇಲೊಂದು ಸಂಗತಿ ಪೇರಿಸುತ್ತಾ ಹೋಗುತ್ತಾನೆ, ಎಲ್ಲಿಯೂ ನಿಂತು ತೀರ್ಮಾನ ಹೇಳುವುದಿಲ್ಲ.

ಹೇಳಬಾರದು ಅಂತಲೇ ಇತ್ತು ಅವನಿಗೆ. ಮನುಷ್ಯರೆಲ್ಲರ ಮನಸ್ಸಿನ ತಳದಲ್ಲಿ ಕೆಲವು ಮೂಲ ವಿಚಾರಗಳು ಒಂದೇ, ಆಯಾ ನೆಲ ಮತ್ತು ಚರಿತ್ರೆಗೆ ತಕ್ಕಂತೆ ಅವು ಬೇರೆ ಬೇರೆ ರೂಪ ಪಡೆಯುತ್ತವೆ ಎಂಬುದು ಅವನ ನಂಬಿಕೆ. ಅದನ್ನು ತೋರಿಸಲು ಲೋಕದ ಎಲ್ಲ ಜನರ ವಸ್ತುಗಳೂ ಬೇಕು. ಯುರೋಪಿನವರು ಹೋದಲ್ಲೆಲ್ಲ ಹಳೆಯದು ಬೇಗ ಬೇಗ ಅಳಿಯುತ್ತಿತ್ತು. ಹಾಗಾಗಿ ಈಗ ಸೇರಿಸಿಬಿಡೋಣ, ಅರ್ಥ ಮಾಡುವ ಕೆಲಸ ಮುಂದಿನವರಿಗೆ ಅಂದ. 1873ರಲ್ಲಿ ಮ್ಯೂಸಿಯಂ ಸ್ಥಾಪನೆ ಆಯಿತು, 1886ರಲ್ಲಿ ಅದಕ್ಕೆ ಸ್ವಂತ ಕಟ್ಟಡದ ಬಾಗಿಲು ತೆರೆಯಿತು. ಕೆಲವೇ ವರ್ಷಗಳಲ್ಲಿ ಗಾಜಿನ ಕಪಾಟುಗಳು ತುಂಬಿ ಕಾಲಿಡಲು ಜಾಗವಿಲ್ಲದ ಹಾಗಾಯಿತು. ಅವನು ನಿರ್ದೇಶಕ, ಆದರೂ ಕುರ್ಚಿಯಲ್ಲಿ ಕೂರುವ ಆಸಾಮಿಯಲ್ಲ. ಎಪ್ಪತ್ತು ದಾಟಿದ ಮೇಲೂ ಹೊರಟುಬಿಡುತ್ತಿದ್ದ. 1905ರಲ್ಲಿ ಟ್ರಿನಿಡಾಡ್‌ನಲ್ಲಿ, ಪ್ರಯಾಣದ ನಡುವೆಯೇ ತೀರಿಕೊಂಡ.

ನೋಡು, ನೀನು ಹೆದರಿದ್ದೇ ಆಯಿತು ಅವನಿಗೆ. ಅರ್ಥ ಸಿಗುವ ಮೊದಲೇ ಮುಗಿದುಹೋದ. ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೋ, ಇದು ಧೈರ್ಯದ ಮಾತಲ್ಲ ಅಲ್ವಾ? ಆದರೂ ಮುಚ್ಚಿಡಲು ಮನಸ್ಸು ಬರಲಿಲ್ಲ.

ನನ್ನ ಬೀರುವಿನಲ್ಲಿ ಬೀಸುವ ಪದಗಳ ನೋಟ್ ಪುಸ್ತಕಗಳಿವೆ, ನೀನು ನೋಡಿದ್ದೀಯ. ನಾನು ಹಳ್ಳಿ ಶಾಲೆಗಳಲ್ಲಿದ್ದಾಗ ಸಂಜೆ ಹೋಗಿ ಬರೆದುಕೊಂಡವು. ಆಗಲೇ ಮನೆಮನೆಯವರೂ ಹಿಟ್ಟಿಗೆ ಗಿರಣಿಗೆ ಹೋಗುತ್ತಿದ್ದರು, ರಾಗಿಕಲ್ಲು ಮೂಲೆ ಸೇರಿತ್ತು. ಹಿಟ್ಟು ಬೀಸದಿದ್ದರೆ ಪದ ನೆನಪಾಗುವುದಿಲ್ಲ ಅಂತ ಒಬ್ಬ ಅಜ್ಜಿ ಬರಿಗಲ್ಲನ್ನೇ ಗರಗರ ತಿರುಗಿಸುತ್ತಾ ಹಾಡಿದ್ದರು. ಅವೆಲ್ಲ ಸೇರಿಸಿ ಒಂದು ಪುಸ್ತಕ ಮಾಡಬೇಕು, ಮುಂದೆ ಒಂದು ಒಳ್ಳೆ ಮುನ್ನುಡಿ ಬರೆಯಬೇಕು ಅಂತ ಆಸೆ ಇತ್ತು. ವರ್ಗಾವಣೆ, ಅತ್ತೆಯವರ ಕಾಯಿಲೆ, ಮಕ್ಕಳ ಓದು. ಆ ಮುನ್ನುಡಿ ಇವತ್ತಿಗೂ ಬರೆಯಲಾಗಲಿಲ್ಲ. ಈಗ ಕಣ್ಣು ಬೇರೆ ಮಂಜು. ರಾತ್ರಿ ನಿನ್ನ ಸಾಲೇ ನನ್ನ ತಲೆಯಲ್ಲೂ ಓಡುತ್ತದೆ. ಅದಕ್ಕೇ ಅದು ಅಷ್ಟು ನಾಟಿತೋ ಏನೋ.

ಬಾಸ್ಟಿಯಾನ್ ಅವಸರದ ಬಗ್ಗೆ ನನಗೆ ಪೂರ್ತಿ ಗೌರವವೂ ಇಲ್ಲ. ಗ್ವಾಟೆಮಾಲಾದ ಕೋಟ್ಸುಮಾಲ್‌ಗುವಾಪಾದಲ್ಲಿ ಕೆತ್ತನೆಯ ಕಲ್ಲುಗಳನ್ನು ನೋಡಿ ಅವನ್ನು ಬರ್ಲಿನ್‌ಗೆ ತರಿಸಲು ಏರ್ಪಾಡು ಮಾಡಿದ. ತೂಕ ಇಳಿಸಲು ಕಲ್ಲನ್ನು ಹಿಂಬದಿಯಿಂದ ಕೊಯ್ದು ತೆಳ್ಳಗೆ ಮಾಡಿಸಿದರು. ಹಡಗಿಗೆ ಏರಿಸುವಾಗ ಒಂದು ಕಲ್ಲು ಸಮುದ್ರಕ್ಕೆ ಬಿತ್ತು. ನಮ್ಮ ಕೆರೆ ಏರಿಯ ವೀರಗಲ್ಲಿಗೆ ಹಾಗಾಗಿದ್ದರೆ ಅಂತ ಯೋಚಿಸಿ ಹೊಟ್ಟೆಯಲ್ಲಿ ಸಂಕಟವಾಯಿತು. ಅವನು ಅಲಾಸ್ಕಾ ಕಡೆಗೆ ವಸ್ತು ಸೇರಿಸಲು ಕಳಿಸಿದ ಯಾಕೋಬ್‌ಸೆನ್ ಎಂಬವನು ಗೋರಿಗಳಿಂದಲೇ ವಸ್ತು ತೆಗೆದು ತಂದ. ಅವುಗಳಲ್ಲಿ ಒಂಬತ್ತನ್ನು 2018ರಲ್ಲಿ ಅಲ್ಲಿನ ಚುಗಾಚ್ ಜನರಿಗೆ ಹಿಂದಕ್ಕೆ ಕೊಟ್ಟರು. ಮುರಿದ ಮುಖವಾಡ, ಮಗುವಿನ ತೊಟ್ಟಿಲು ಇಂಥವು. ಎಲ್ಲಿಂದ ಹೇಗೆ ತಂದದ್ದು ಎಂಬ ಬರಹ ಉಳಿದಿತ್ತು ಅಂತಲೇ ಅಲ್ವಾ ಅದು ಸಾಧ್ಯವಾದದ್ದು? ನೂರಮೂವತ್ತು ವರ್ಷದ ಮೇಲೆ ಕೆಲಸಕ್ಕೆ ಬಂದದ್ದು ಯಾರ ಸಿದ್ಧಾಂತವೂ ಅಲ್ಲ ಪುಟ್ಟಿ, ಆ ಬರಹ. ನೀನು ದಿನಾ ಬರೆದು ಬೇಸತ್ತಿರುವಂಥದ್ದೇ.

ಹಾಗಂತ ನಿನ್ನ ಭಯ ಸುಮ್ನೆ ಅಂತ ನಾನು ಹೇಳಲಾರೆ. ಅರ್ಥ ನಿನ್ನ ಕೈಗೆ ಸಿಗದೇ ಹೋಗಬಹುದು. ಇದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಫ್ರಾಂಜ್ ಬೋಯಾಸ್ ಹರೆಯದಲ್ಲಿ ಬಾಸ್ಟಿಯಾನ್ ಕೈಕೆಳಗೆ ಅದೇ ಮ್ಯೂಸಿಯಂನಲ್ಲಿ ಕಪಾಟು ಜೋಡಿಸಿದವನು. ಆಮೇಲೆ ಅಮೆರಿಕಕ್ಕೆ ಹೋಗಿ ಮಾನವಶಾಸ್ತ್ರದ ದಾರಿಯನ್ನೇ ಬದಲಿಸಿದ. ಮುದುಕ ಬಾಸ್ಟಿಯಾನ್‌ಗೆ ಅದು ಎಷ್ಟು ಸಮಾಧಾನ ಕೊಟ್ಟಿರಬಹುದು? ಜಾಸ್ತಿ ಇರಲಿಕ್ಕಿಲ್ಲ. ನನಗಾದರೂ ಬೇರೆ ಯಾರೋ ಬಂದು ಮುನ್ನುಡಿ ಬರೆಯುತ್ತಾರೆ ಅಂದರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಬುದ್ಧಿಮಾತು ಅಂತ ಹೇಳಲು ಸಂಕೋಚ, ನಿನ್ನ ಕೆಲಸ ನನಗಿಂತ ನಿನಗೇ ಗೊತ್ತು. ಚೀಟಿಯಲ್ಲಿ ಜಾಗವಿದ್ದರೆ ಆ ವಸ್ತು ಕೊಟ್ಟವರ ಹೆಸರು ಹುಡುಕಿ ಸೇರಿಸು, ತಂದವನದ್ದು ಮಾತ್ರ ಸಾಲದು. ಸಂಜೆ ಆರರ ಮೇಲೆ ಉಗ್ರಾಣದಲ್ಲಿ ಕೂರಬೇಡ. ವಾರಕ್ಕೊಂದು ಪುಟ ನಿನಗನಿಸಿದ್ದನ್ನು ಬರೆ, ತಪ್ಪಾದರೂ ಪರವಾಗಿಲ್ಲ, ಬಾಸ್ಟಿಯಾನ್ ಥರ ಪೂರಾ ಮುಂದಿನವರಿಗೆ ಬಿಡಬೇಡ. ಇದು ನಾನು ಮಾಡದ್ದು, ಹೇಳಲು ನನಗೆ ಹಕ್ಕಿದೆಯೋ ಇಲ್ಲವೋ.

ಡಿಸೆಂಬರಿನಲ್ಲಿ ರಜೆ ಸಿಕ್ಕರೆ ಬಾ. ನೋಟ್ ಪುಸ್ತಕದ ಅಕ್ಷರ ನನಗೆ ಕಾಣುವುದಿಲ್ಲ, ನೀನು ಓದು. ಮುನ್ನುಡಿ ನಾನು ಹೇಳುತ್ತೇನೆ, ನೀನು ಬರೆದುಕೋ.

ನಿನ್ನ
ದೊಡ್ಡಮ್ಮ