ಮನೆಯ ಕಬ್ಬಿಣದ ಕೆಲಸಕ್ಕೆ ಗ್ರೈಂಡರ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಮಲೆನಾಡಿನ ತೋಟದ ಮನೆಗಳಲ್ಲಿ ಈಗ ಕತ್ತಿ, ಗುದ್ದಲಿಗಳ ಜೊತೆ, ವೀಲು ತಿರುಗಿಸಿ ಕಬ್ಬಿಣ ಕತ್ತರಿಸುವ ನಾಲ್ಕು ಇಂಚಿನ ಗ್ರೈಂಡರ್ ಕೂಡ ಸೇರಿಕೊಂಡಿದೆ. ಸ್ಪ್ರಿಂಕ್ಲರ್ ಪೈಪು, ಗೇಟಿನ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ), ಮಾಡಿನ ಶೀಟು ಎಲ್ಲವನ್ನೂ ಇದೊಂದರಿಂದಲೇ ಕತ್ತರಿಸುವ ರೂಢಿ ಬೆಳೆದಿರುವುದರಿಂದ ಹಣವೂ ಹಾಳಾಗುತ್ತಿದೆ, ಅಪಾಯವೂ ಹೆಚ್ಚುತ್ತಿದೆ.

ಶೀಟಿನ ವಿಚಾರವನ್ನೇ ನೋಡೋಣ. ಹೆಂಚು ಇಳಿಸಿ ಬಣ್ಣದ ಶೀಟು ಹೊದಿಸುವ ಕೆಲಸ ತೀರ್ಥಹಳ್ಳಿ, ಹೊಸನಗರದ ಕಡೆ ಬೇಸಿಗೆಯಲ್ಲಿ ಬಿರುಸಾಗಿ ನಡೆಯುತ್ತದೆ. ಶೀಟನ್ನು ತುಕ್ಕಿನಿಂದ ಕಾಯುವುದು ಮೇಲಿನ ಬಣ್ಣಕ್ಕಿಂತ ಹೆಚ್ಚಾಗಿ ಅದರಡಿಯ ಸತುವಿನ ಲೇಪ. ಕತ್ತರಿಸಿದ ಅಂಚಿನಲ್ಲಿ ಉಕ್ಕು ತೆರೆದುಕೊಂಡರೂ ಪಕ್ಕದ ಸತು ತಾನು ಸವೆದು ಅದನ್ನು ಉಳಿಸುತ್ತದೆ. ಗ್ರೈಂಡರ್‌ನ ಕಾವಿಗೆ ಅಂಚಿನ ಆ ಲೇಪವೇ ಸುಟ್ಟುಹೋಗುತ್ತದೆ. ಸಿಡಿದ ಕಿಡಿಗಳೆಂದರೆ ಕಾದ ಕಬ್ಬಿಣದ ಚೂರುಗಳೇ ಆದ್ದರಿಂದ, ಅವು ಬಣ್ಣದಲ್ಲಿ ಹುದುಗಿ, ಆಗುಂಬೆ ಸುತ್ತಿನಂಥ ಮಳೆಗೆ ಸಿಕ್ಕಾಗ ಕಂದು ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ. ಆಮೇಲೆ ಶೀಟು ಮಾರಿದವರನ್ನು ದೂರುತ್ತೇವೆ! ಅರ್ಧ ಮಿಲಿಮೀಟರ್ ಆಸುಪಾಸಿನ ಈ ತಗಡಿಗೆ ಒಳ್ಳೆಯ ತಗಡು ಕತ್ತರಿ ಸಾಕು. ಕೆಲಸ ಹೆಚ್ಚಿದ್ದರೆ ಡ್ರಿಲ್ಲಿಗೆ ಜೋಡಿಸುವ, ತಗಡನ್ನು ಚೂರು ಚೂರಾಗಿ ಕಚ್ಚುತ್ತ ಸಾಗುವ ನಿಬ್ಲರ್ ಕೊಳ್ಳಬಹುದು. ಇವೆರಡೂ ಲೇಪ ಸುಡುವಷ್ಟು ಕಾವು ಹುಟ್ಟಿಸದೆ ಕತ್ತರಿಸುತ್ತವೆ.

ಪೈಪು, ಆಂಗಲ್‌ಗಳಿಗೆ ಲೋಹವನ್ನು ಬಿಗಿಹಿಡಿಯುವ ಗಟ್ಟಿಯಾದ ವೈಸ್ ಮತ್ತು ಲೋಹ ಕೊಯ್ಯುವ ಕೈಗರಗಸವಾದ ಹ್ಯಾಕ್ಸಾ ಇದ್ದರೆ ಮನೆಮಟ್ಟಿನ ಕೆಲಸ ಸಾಗುತ್ತದೆ. ಬ್ಲೇಡು ಕೊಳ್ಳುವಾಗ ಇಂಚಿಗೆ ಎಷ್ಟು ಹಲ್ಲು ಎಂದು ಕೇಳುವವರು ಕಡಿಮೆ. ಲೋಹದ ದಪ್ಪದ ಮೇಲೆ ಒಮ್ಮೆಗೆ ಮೂರು ಹಲ್ಲಾದರೂ ಕೂರಬೇಕು. ಇಲ್ಲವಾದರೆ ಹಲ್ಲು ಸಿಕ್ಕಿಕೊಂಡು ಮುರಿಯುತ್ತದೆ. ಹಾಗಾಗಿ 5-6 ಮಿ.ಮೀ. ದಪ್ಪದ ಆಂಗಲ್‌ಗೆ 18 ಹಲ್ಲಿನದು, 3 ಮಿ.ಮೀ. ದಪ್ಪದ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿಗೆ 24ರದು, ಅದಕ್ಕಿಂತ ತೆಳುವಾದ ಕೊಳವೆಗೆ 32ರದು ಸರಿಯಾದ ಆಯ್ಕೆ. ಹಲ್ಲುಗಳ ಮೊನೆ ಮುಂದಕ್ಕೆ, ಅಂದರೆ ಹಿಡಿಯ ವಿರುದ್ಧ ದಿಕ್ಕಿಗೆ ಇರುವಂತೆ ಬ್ಲೇಡನ್ನು ಬಿಗಿಯಬೇಕು. ಎರಡು ಬಗೆಯ ಉಕ್ಕನ್ನು ಬೆಸೆದ ಬೈಮೆಟಲ್ ಬ್ಲೇಡಿಗೆ ಬೆಲೆ ತುಸು ಹೆಚ್ಚಾದರೂ ಅದು ಬಾಗುತ್ತದೆಯೇ ಹೊರತು ಸುಲಭಕ್ಕೆ ತುಂಡಾಗುವುದಿಲ್ಲ.

ದಪ್ಪ ಕಬ್ಬಿಣ ಕತ್ತರಿಸಲು, ತುಕ್ಕು ಹಿಡಿದು ಬಿಚ್ಚಲಾಗದ ಬೋಲ್ಟು ತೆಗೆಯಲು ಗ್ರೈಂಡರ್ ಬೇಕೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮಿಷಕ್ಕೆ 11,000 ಸುತ್ತು ತಿರುಗುವ ನಾಲ್ಕು ಇಂಚಿನ ವೀಲಿನ ಅಂಚು ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿರುತ್ತದೆ ಎಂಬುದನ್ನು ತಿಳಿದವರು ವೀಲಿನ ರಕ್ಷಣೆಯ ಮುಚ್ಚಳವಾದ ಗಾರ್ಡ್ ಬಿಚ್ಚಿ ಅದನ್ನು ಬಳಸಲಾರರು. ಮರ ಕೊಯ್ಯುವ ಹಲ್ಲಿನ ವೀಲನ್ನಂತೂ ಅದಕ್ಕೆ ಹಾಕಲೇಬಾರದು. ಕಟಿಂಗ್ ವೀಲಿನ ಕಣಗಳನ್ನು ಹಿಡಿದಿಡುವ ಅಂಟು ತೇವಕ್ಕೆ ದುರ್ಬಲವಾಗುತ್ತದೆ. ವೀಲಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುವುದು ಇದಕ್ಕಾಗಿಯೇ. ಮಳೆಗಾಲವಿಡೀ ಕೊಟ್ಟಿಗೆಯ ಗೋಡೆಗೆ ತೂಗಿಟ್ಟ ವೀಲನ್ನು ಬೇಸಿಗೆಯಲ್ಲಿ ಧೈರ್ಯವಾಗಿ ಹಾಕಿಕೊಳ್ಳುವವರು ಇದನ್ನು ಗಮನಿಸಬೇಕು. ಒಣ ಅಡಿಕೆ ಸಿಪ್ಪೆಯ ರಾಶಿ, ಹುಲ್ಲಿನ ಬಣವೆ ಹತ್ತಿರವಿದ್ದಲ್ಲಿ ಕಿಡಿ ಹಾರಿಸುವ ಯಾವ ಯಂತ್ರವೂ ಬೇಡ.

ಕೃಷಿ ಮೇಳಗಳಲ್ಲಿ ಕಳೆ ಕೊಚ್ಚುವ ಯಂತ್ರ, ಔಷಧಿ ಸಿಂಪಡಿಸುವ ದೋಟಿಗಳನ್ನು ಓಡಿಸಿ ತೋರಿಸುವಂತೆ, ವೈಸ್, ಹ್ಯಾಕ್ಸಾ, ತಗಡು ಕತ್ತರಿಗಳ ಬಳಕೆಯನ್ನೂ ಗ್ರೈಂಡರ್‌ನ ಸುರಕ್ಷತೆಯನ್ನೂ ತೋರಿಸುವ ಒಂದು ಮಳಿಗೆಯನ್ನು ಐಟಿಐ ವಿದ್ಯಾರ್ಥಿಗಳ ನೆರವಿನಿಂದ ತೆರೆಯುವಂತೆ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯವನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು