ನಾಲ್ಕನೆಯ ಸಲದ ಹಾಡು

ಪ್ರೀತಿಯ ತಮ್ಮನಿಗೆ, ಆಶೀರ್ವಾದಗಳು.

ನಿನ್ನ ಕತೆಯ ಒಂಬತ್ತನೆಯ ಪ್ರತಿಯೂ ‘ಇನ್ನು ಬರೆಯಲಾರೆ’ ಎಂಬ ಪತ್ರವೂ ಒಂದೇ ಲಕೋಟೆಯಲ್ಲಿ ಬಂದವು. ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟವಿರಬೇಕು ಎಂಬುದನ್ನೆಲ್ಲ ಬೇರೆ ಯಾರಾದರೂ ಹೇಳಿಯಾರು. ತಿದ್ದುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದೊಂದನ್ನೇ ನಾನು ಹೇಳಬೇಕಾಗಿದೆ.

ಬಾಬ್ ಡಿಲನ್ ಹಾಡಿದ ‘ಲೈಕ್ ಎ ರೋಲಿಂಗ್ ಸ್ಟೋನ್’ ಅನ್ನು ನೀನು ಕೇಳಿರಬಹುದು. 1965ರಲ್ಲಿ ಇಂಗ್ಲೆಂಡಿನ ಪ್ರವಾಸ ಮುಗಿಸಿ ಬಂದಾಗ ಆತನೂ ಹಾಡುವುದನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದ. ಆ ಬೇಸರದಲ್ಲಿ ಪುಟಗಟ್ಟಲೆ ಬರೆದುಕೊಂಡದ್ದರಿಂದ ಈ ಹಾಡು ಹುಟ್ಟಿತು. ವಾಷಿಂಗ್ಟನ್ನಿನ ಹೋಟೆಲೊಂದರ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಅದರ ನಾಲ್ಕು ಹಾಳೆಗಳು 2014ರ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋದವು. ಅವುಗಳ ತುಂಬ ಹೊಡೆದುಹಾಕಿದ ಸಾಲುಗಳೂ ಅಂಚಿನಲ್ಲಿ ಹುಡುಕಾಡಿದ ಪ್ರಾಸಗಳೂ ಇವೆ. ಆದ್ದರಿಂದ ತಿದ್ದಲೇಬೇಡ ಎಂದು ನಾನು ಹೇಳುತ್ತಿಲ್ಲ.

1965ರ ಜೂನ್ 15ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೊದಲ್ಲಿ ಆ ಹಾಡನ್ನು ಮೂರರ ಎಣಿಕೆಯ ವಾಲ್ಟ್ಸ್ ನಡೆಯಲ್ಲಿ ನುಡಿಸಿ ನೋಡಿದರು, ಕೂಡಿಬರಲಿಲ್ಲ. ಮರುದಿನ ನಡೆ ಬದಲಾಯಿತು. ಆರ್ಗನ್ನಿನ ಮುಂದೆ ಕೂತಿದ್ದ 21 ವರ್ಷದ ಅಲ್ ಕೂಪರ್ ಆ ವಾದ್ಯದವನೇ ಅಲ್ಲ. ಗಿಟಾರ್ ನುಡಿಸುವ ಆಸೆಯಿಂದ ಬಂದವನು. ಉಳಿದವರು ಯಾವ ಸ್ವರಕ್ಕೆ ಹೋಗುತ್ತಾರೆಂದು ಕಿವಿಗೊಟ್ಟು ತಿಳಿದ ಮೇಲೆಯೇ ಬೆರಳಿಡುತ್ತಿದ್ದುದರಿಂದ ಅವನ ಆರ್ಗನ್ ಸದಾ ಕೂದಲೆಳೆಯಷ್ಟು ಹಿಂದೆ ಬರುತ್ತದೆ. ಇವನು ಆರ್ಗನ್ ವಾದಕನಲ್ಲ ಎಂದು ನಿರ್ಮಾಪಕ ಟಾಮ್ ವಿಲ್ಸನ್ ಹೇಳಿದರೂ ಡಿಲನ್ ಅದರ ದನಿಯನ್ನು ಏರಿಸಲು ಹೇಳಿದ. ಆ ದಿನದ ನಾಲ್ಕನೆಯ ಸಲದ್ದೇ ಲೋಕ ಕೇಳಿದ ಹಾಡು. ಅದು ಕೈಗೆ ಬಂದ ಮೇಲೂ ಇನ್ನೂ ಹನ್ನೊಂದು ಸಲ ಯತ್ನಿಸಿ, ಕೊನೆಗೆ ನಾಲ್ಕನೆಯದಕ್ಕೇ ಮರಳಿದರು. ಆರು ನಿಮಿಷ ಮೀರಿದ ಆ ಹಾಡನ್ನು ರೇಡಿಯೊದವರಿಗಾಗಿ ಗ್ರಾಮಫೋನ್ ತಟ್ಟೆಯ ಎರಡು ಮಗ್ಗುಲಿಗೆ ತುಂಡರಿಸಿ ಕೊಟ್ಟಾಗ, ಕೇಳುಗರು ಇಡಿಯಾಗಿ ಬೇಕೆಂದು ಹಟ ಹಿಡಿದರು. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಇಂದಿಗೂ ಕೇಳುವಾಗ ನನ್ನ ಕಿವಿ ಹುಡುಕುವುದು ಆ ತಡವಾದ ಆರ್ಗನ್ನನ್ನೇ.

ಯುಗಾದಿಯ ಹೊತ್ತಿಗೆ ನೀನು ಕಳಿಸಿದ್ದ ಎರಡನೆಯ ಪ್ರತಿಯಲ್ಲಿ ತಾಯಿ ತಟ್ಟೆಯನ್ನು ಮುಂದಿಟ್ಟು, “ಅನ್ನ ತಳ ಹಿಡದೈತಿ, ಆದ್ರೂ ಉಣ್ಣು” ಎನ್ನುತ್ತಾಳೆ. ಒಂಬತ್ತನೆಯದರಲ್ಲಿ ಆಕೆ ‘ಮೌನವಾಗಿ ಬಡಿಸಿದಳು’. ಯಾರಿಗೆ ಹೆದರಿ ಅವಳ ಬಾಯಿ ಮುಚ್ಚಿಸಿದೆ? ಇದನ್ನು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ನಾನೂ ಅದನ್ನೇ ಮಾಡಿದವನು. ನನ್ನ ಮೊದಲ ಕಾದಂಬರಿಯ ಭಾಷೆ ಒರಟಾಯಿತೆಂದು ಸಂಪಾದಕರೊಬ್ಬರು ಹೇಳಿದ್ದಕ್ಕೆ ಎರಡು ವರ್ಷ ಅದನ್ನು ಉಜ್ಜಿದೆ, ಹಳೆಯ ಕರಡನ್ನು ಬಚ್ಚಲೊಲೆಗೆ ಹಾಕಿದೆ. ಅಚ್ಚಾದ ಪುಸ್ತಕದಲ್ಲಿ ನನ್ನ ಅಪ್ಪ ಮಾತಾಡುವ ರೀತಿ ಒಂದು ಪುಟದಲ್ಲೂ ಉಳಿದಿರಲಿಲ್ಲ. ಅಪ್ಪ ಈಗಿಲ್ಲ, ನೆನಪಿನಿಂದ ಅದನ್ನು ಮತ್ತೆ ಬರೆಯಲು ನಾಲ್ಕಾರು ಸಲ ಕೂತಿದ್ದೇನೆ, ಆಗಿಲ್ಲ.

ನಿನ್ನ ಎರಡನೆಯ ಪ್ರತಿ ನನ್ನ ಮೇಜಿನ ಮೇಲೆಯೇ ಇತ್ತು. ಈ ಪತ್ರದೊಂದಿಗೆ ಅದನ್ನು ಕಳಿಸುತ್ತಿದ್ದೇನೆ. ಅಂಚಿನಲ್ಲಿ ನಾನು ಏನನ್ನೂ ಬರೆದಿಲ್ಲ.