ನೀರಿನ ಮೀಟರ್ ಲೋಪದಿಂದ ಲೀಡ್ ಮರುಪ್ರಮಾಣೀಕರಣಕ್ಕೆ ಅಡ್ಡಿ: ದೂರು

ಇಂದ:
ನಿರ್ವಹಣಾ ವಿಭಾಗ, ಆಡಳಿತ ಕಟ್ಟಡ,
ನರಸಾಪುರ ಕೈಗಾರಿಕಾ ಪ್ರದೇಶ, ಕೋಲಾರ ಜಿಲ್ಲೆ

ಗೆ:
ಸೇವಾ ವಿಭಾಗದ ಮುಖ್ಯಸ್ಥರು,
ನೀರಿನ ಮೀಟರ್ ಪೂರೈಕೆ ಮತ್ತು ನಿರ್ವಹಣಾ ಕಂಪನಿ, ಬೆಂಗಳೂರು

ವಿಷಯ: ಬೋರ್‌ವೆಲ್ ಮೀಟರ್‌ನ ತಪ್ಪು ಅಳತೆ, ಕಳೆದುಹೋದ ರೀಡಿಂಗ್ ಮತ್ತು ತಾಳೆಯಾಗದ ಕ್ಯಾಲಿಬ್ರೇಷನ್ (ಅಳತೆಯ ನಿಖರತೆ) ಪ್ರಮಾಣಪತ್ರ.

ಮಾನ್ಯರೇ,

ನಮ್ಮ ಕಟ್ಟಡದ ಲೀಡ್ (LEED, ಹಸಿರು ಕಟ್ಟಡದ ಮಾನ್ಯತೆ) ಮರುಪ್ರಮಾಣೀಕರಣ ನಿಮ್ಮ ಒಂದು ಮೀಟರ್‌ನಿಂದಾಗಿ ನಿಂತುಹೋಗಿದೆ. ಈ ಪ್ರಮಾಣೀಕರಣಕ್ಕಾಗಿ, ಕಟ್ಟಡಕ್ಕೆ ಬರುವ ಒಟ್ಟು ನೀರನ್ನು ಅಳೆಯಲು ಶಾಶ್ವತ ಮೀಟರ್ ಇರಬೇಕು, ತಿಂಗಳುವಾರು ಲೆಕ್ಕ ಇಡಬೇಕು, ಹನ್ನೆರಡು ತಿಂಗಳ ಅಂಕಿಅಂಶ ಒದಗಿಸಬೇಕು. ರೀಡಿಂಗನ್ನು ಪುಸ್ತಕದಲ್ಲಿ ಕೈಯಿಂದ ಬರೆದರೂ ನಡೆಯುತ್ತದೆ, ತಾನಾಗಿ ದಾಖಲಾದರೂ ನಡೆಯುತ್ತದೆ. ಇಷ್ಟು ಸರಳವಾದ ಕೆಲಸಕ್ಕೇ ನಿಮ್ಮೊಂದಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡದ್ದು.

ಬೋರ್‌ವೆಲ್ ಲೈನಿನ ಹಳೆಯ ಮೀಟರ್ ಕೆಟ್ಟಾಗ ನಿಮ್ಮ ತಂತ್ರಜ್ಞರು ಬಂದು ಬದಲಾಯಿಸಿದರು. ಕೊನೆಯ ರೀಡಿಂಗ್ ಬರೆದುಕೊಳ್ಳಲಿಲ್ಲ, ಹಳೆಯ ಮೀಟರನ್ನೂ ಇಲ್ಲಿ ಬಿಡಲಿಲ್ಲ. ಹೊಸದು ಸೊನ್ನೆಯಿಂದ ಶುರುವಾಯಿತು. ಸರ್ವಿಸ್ ರಿಪೋರ್ಟ್‌ನಲ್ಲಿ ಮಾತ್ರ 'ಎಲ್ಲವೂ ಸರಿಯಿದೆ' ಎಂದಿದೆ! ನೀವು ಕೊಟ್ಟ ಕ್ಯಾಲಿಬ್ರೇಷನ್ ಪ್ರಮಾಣಪತ್ರದ ಸೀರಿಯಲ್ ನಂಬರ್ ಒಂದು, ಮೀಟರ್ ಮೇಲೆ ಕೊರೆದಿರುವುದು ಇನ್ನೊಂದು.

ಜೋಡಣೆಯೂ ನೆಟ್ಟಗಿಲ್ಲ. ಮೀಟರ್‌ಗೆ ಮೊದಲು ಪೈಪಿನ ವ್ಯಾಸದ ಹತ್ತು ಪಟ್ಟು, ನಂತರ ಐದು ಪಟ್ಟು ನೇರ ಪೈಪ್ ಇರಬೇಕೆಂದು ನಿಮ್ಮದೇ ಕೈಪಿಡಿ ಹೇಳುತ್ತದೆ. ನಮ್ಮದು 50 ಮಿ.ಮೀ. ಪೈಪ್, ಅಂದರೆ ಮುಂಚೆ ಅರ್ಧ ಮೀಟರ್ ಬೇಕು. ನಿಮ್ಮವರು ಪೈಪ್ ತಿರುಗುವ ಎಲ್ಬೋ ಪಕ್ಕದಲ್ಲೇ, ಒಂದು ಗೇಣೂ ಬಿಡದೆ ಕೂರಿಸಿದ್ದಾರೆ. ಡಯಲ್ ಗೋಡೆಗೆ ಮುಖ ಮಾಡಿದೆ. ನಮ್ಮ ಪಂಪ್ ಆಪರೇಟರ್ ದಿನಾ ಮೊಬೈಲನ್ನು ಸಂದಿಗೆ ತೂರಿಸಿ ಫೋಟೊ ತೆಗೆದು ರೀಡಿಂಗ್ ನೋಡಬೇಕು.

ಇಲ್ಲಿನ ಬೋರ್‌ವೆಲ್‌ಗಳ ಸ್ವಭಾವ ನಿಮಗೆ ಗೊತ್ತಿಲ್ಲದ್ದಲ್ಲ. ಬೆಂಗಳೂರಿನ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದ್ದರೂ ನಮ್ಮ ಬೋರ್ ಬೇಸಿಗೆಯಲ್ಲಿ ನೀರಿಗಿಂತ ಮೊದಲು ಗಾಳಿಯನ್ನೇ ಉಗುಳುತ್ತದೆ. ಗಾಳಿ ಹೊರಹೋಗುವ ಏರ್ ವಾಲ್ವ್ ಇಲ್ಲದ ಕಾರಣ ಮೀಟರ್‌ನ ಚಕ್ರ ಗಾಳಿಗೂ ತಿರುಗಿ ಅದನ್ನೂ ನೀರೆಂದು ಎಣಿಸುತ್ತದೆ. ಅನುಮಾನ ಬಂದು ನಾವೇ ಪರೀಕ್ಷಿಸಿದೆವು. ಸಂಪ್‌ನ ಒಳ ಅಳತೆ 5 ಮೀಟರ್ × 4 ಮೀಟರ್. ಹೊರಹೋಗುವ ವಾಲ್ವ್‌ಗಳನ್ನೆಲ್ಲ ಮುಚ್ಚಿ ಮೋಟಾರ್ ಹಾಕಿ, ನೀರು 50 ಸೆಂ.ಮೀ. ಏರುವ ತನಕ ಕಾದೆವು. ಬಂದದ್ದು 10 ಕಿಲೋಲೀಟರ್, ಮೀಟರ್ ತೋರಿಸಿದ್ದು 13.4. ಈ ಲೆಕ್ಕ ಕಳಿಸಿದರೆ ಉಳಿಸಿದ ನೀರನ್ನೂ ಪೋಲು ಮಾಡಿದವರಾಗುತ್ತೇವೆ.

ಫೋನ್ ಮಾಡಿದಾಗ ನಿಮ್ಮ ಸರ್ವಿಸ್ ಎಂಜಿನಿಯರ್ ಹೇಳಿದ್ದು: "ಸರಾಸರಿ ಹಾಕಿ ಕಳ್ಸಿಬಿಡಿ ಸಾರ್, ಯಾರು ಬಂದು ನೋಡ್ತಾರೆ?" ಇದು ನಿಮ್ಮ ಕಂಪನಿಯ ಅಧಿಕೃತ ಸಲಹೆಯಾಗಿದ್ದರೆ ಲೆಟರ್‌ಹೆಡ್ ಮೇಲೆ ಬರೆದು ಕೊಡಿ. ಟ್ಯಾಂಕರ್ ನೀರಿಗೆ ಬಿಲ್ಲಿದೆ, ಟ್ಯಾಂಕರ್ ಇನ್‌ಲೆಟ್‌ಗೆ ಬೇರೆ ಮೀಟರೂ ಇದೆ; ಆ ಲೆಕ್ಕ ಚೊಕ್ಕವಾಗಿದೆ. ಬೋರ್‌ವೆಲ್‌ಗೆ ಮಾತ್ರ ಊಹೆಯ ಅಂಕಿ ಬರೆದು ಸಹಿ ಹಾಕಲು ನಾವು ತಯಾರಿಲ್ಲ.

ಹಳೆಯ ಮೀಟರ್ ನಿಮ್ಮ ವರ್ಕ್‌ಶಾಪ್‌ನಲ್ಲಿ ಇನ್ನೂ ಇರಬೇಕು. ಅದರ ಕೊನೆಯ ರೀಡಿಂಗನ್ನು ಫೋಟೊ ಸಮೇತ ಬರವಣಿಗೆಯಲ್ಲಿ ಕಳಿಸಿ. ಹೊಸ ಮೀಟರನ್ನು ನೇರ ಪೈಪ್ ಇರುವ ಕಡೆಗೆ ಸ್ಥಳಾಂತರಿಸಿ, ಅದಕ್ಕೆ ಮೊದಲು ಏರ್ ವಾಲ್ವ್ ಹಾಕಿ, ಡಯಲ್ ಕಣ್ಣಿಗೆ ಕಾಣುವಂತೆ ತಿರುಗಿಸಿ. ಅದೇ ಸೀರಿಯಲ್ ನಂಬರಿನ ಪ್ರಮಾಣಪತ್ರವೂ ಜೊತೆಗೆ ಬರಲಿ. ಇದಕ್ಕೆ ನಮ್ಮಿಂದ ಒಂದು ಪೈಸೆಯೂ ಹೆಚ್ಚುವರಿ ಸಿಗುವುದಿಲ್ಲ. ಇಷ್ಟೂ ಮುಗಿಯುವವರೆಗೆ ಒಪ್ಪಂದದ ಮುಂದಿನ ಕಂತನ್ನು ತಡೆಹಿಡಿಯಲು ಲೆಕ್ಕಪತ್ರ ವಿಭಾಗಕ್ಕೆ ತಿಳಿಸಿದ್ದೇವೆ.

ಬರುವವರು ಬೆಳಿಗ್ಗೆ ಏಳಕ್ಕೆ, ಮೋಟಾರ್ ಹಾಕುವ ಮುಂಚೆಯೇ ಬರಲಿ. ಜೋಡಣೆ ಮುಗಿದ ಮೇಲೆ ಮರುದಿನ ಅದೇ ಹೊತ್ತಿಗೆ ಸಂಪ್ ಪರೀಕ್ಷೆಯನ್ನು ಅವರ ಎದುರಲ್ಲೇ ಮಾಡುತ್ತೇವೆ. ಅಳತೆ ತಾಳೆಯಾದರೆ ಮಾತ್ರ ಸರ್ವಿಸ್ ರಿಪೋರ್ಟ್‌ಗೆ ನಮ್ಮ ಸಹಿ.

ಇತಿ,
ನಿರ್ವಹಣಾ ವ್ಯವಸ್ಥಾಪಕರು